ಒಂಟಿ ಅತಿಥಿಯ ತಟ್ಟೆಯಲ್ಲಿ ಏನಿದೆ?

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ನಮ್ಮ ಹಳೆಯ ಗಾದೆ. ಆಹಾರದ ಅಲರ್ಜಿ ಇರುವವನ ಪಾಲಿಗೆ ಈ ಗಾದೆಯ ಎರಡು ತುಂಡುಗಳು ಬೇರೆ ಬೇರೆಯಲ್ಲ. ತಾನು ಏನನ್ನು ತಿನ್ನಬಾರದೆಂಬುದನ್ನು ಅವನು ಎಷ್ಟೇ ಚೆನ್ನಾಗಿ ಬಲ್ಲವನಾಗಿರಲಿ, ಇನ್ನೊಬ್ಬರ ಅಡುಗೆಮನೆಯಲ್ಲಿ ಏನು ನಡೆದಿದೆ ಎಂಬುದನ್ನು ಮಾತಿನಿಂದಲೇ ತಿಳಿಯಬೇಕು. ಆ ಮಾತಿಗೆ ದೊರೆಯುವ ಉತ್ತರ ತಪ್ಪಾದರೆ ಒದಗುವುದು ಜಗಳವಲ್ಲ, ಪ್ರಾಣಾಪಾಯ. ಮನೆಯವರೊಡನೆ ಹೊರಟಾಗ ಈ ಹೊಣೆಯನ್ನು ಹಂಚಿಕೊಳ್ಳುವವರಿರುತ್ತಾರೆ. ಒಬ್ಬನೇ ಹೋಗಿ, ಪರಿಚಯವಿಲ್ಲದ ಊರಿನ ಹೋಟೆಲೊಂದರಲ್ಲಿ ಮೂರು ಹೊತ್ತೂ ಉಣ್ಣಬೇಕಾದಾಗ ಅಷ್ಟೂ ಭಾರ ಒಬ್ಬನ ಮೇಲೆಯೇ ಬೀಳುತ್ತದೆ.

ಅನುಭವದಿಂದಲೇ ಈ ಮಾತು ಬರೆಯುತ್ತಿದ್ದೇನೆ. ಐವತ್ತು ದಾಟಿದ ಮೇಲೆ ನನಗೆ ಎಳ್ಳು ಮತ್ತು ಗೋಡಂಬಿ ಒಗ್ಗದಾದವು. ಅಲರ್ಜಿ ಎಂದರೆ ಮಕ್ಕಳ ತೊಂದರೆ ಎಂದು ತಿಳಿದವರಿಗೆ ಇದು ವಿಚಿತ್ರವೆನಿಸಬಹುದು. ಆದರೆ 2019ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸಮೀಕ್ಷೆಯೊಂದರ ಪ್ರಕಾರ ಅಲ್ಲಿನ ವಯಸ್ಕರಲ್ಲಿ ಸುಮಾರು ಹತ್ತಕ್ಕೊಬ್ಬರಿಗೆ ಆಹಾರದ ಅಲರ್ಜಿಯಿದೆ. ಅವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ಕನಿಷ್ಠ ಒಂದು ಅಲರ್ಜಿಯಾದರೂ ಪ್ರಾಯಕ್ಕೆ ಬಂದ ನಂತರ ಕಾಣಿಸಿಕೊಂಡದ್ದು. ಗೋಡಂಬಿ ಒಗ್ಗದವರಿಗೆ ಅದರ ಸಸ್ಯಬಂಧುವಾದ ಪಿಸ್ತಾ ಸಹ ಸಾಮಾನ್ಯವಾಗಿ ಒಗ್ಗುವುದಿಲ್ಲ. ಕಡಲೆಕಾಯಿ ಬೇರೆಯೇ ಕುಲದ್ದು, ದ್ವಿದಳ ಧಾನ್ಯ; ಅದರಿಂದ ನನಗೆ ತೊಂದರೆಯಿಲ್ಲ. ಸಂಕ್ರಾಂತಿಯ ಸಂಜೆ ನೆರೆಮನೆಯ ಮಕ್ಕಳು ತರುವ ಎಳ್ಳುಬೆಲ್ಲವನ್ನು ಪ್ರೀತಿಯಿಂದ ಸ್ವೀಕರಿಸಿ, ಅವರೊಡನೆ ಒಳ್ಳೆಯ ಮಾತನ್ನಷ್ಟೇ ಆಡಿ, ಎಳ್ಳನ್ನು ಬಾಯಿಗೆ ಹಾಕದೆ ಒಳಗಿಡುವುದು ಈಗ ರೂಢಿಯಾಗಿದೆ.

ಹೀಗಿರುವ ನಾನು ಕಳೆದ ವರ್ಷ ಅಮೆರಿಕದ ಫ್ಲಾರಿಡಾ ರಾಜ್ಯದ ವಾಲ್ಟ್ ಡಿಸ್ನಿ ವರ್ಲ್ಡ್‌ನ ರೆಸಾರ್ಟ್ ಹೋಟೆಲೊಂದರಲ್ಲಿ ನಾಲ್ಕು ರಾತ್ರಿ ಒಬ್ಬನೇ ತಂಗಿದ್ದೆ. ಅಲ್ಲಿ ಕಂಡದ್ದನ್ನು ಪ್ರವಾಸಕಥನವಾಗಿ ಹೇಳುವುದು ನನ್ನ ಉದ್ದೇಶವಲ್ಲ. ಅಲರ್ಜಿಯಿರುವ ಒಂಟಿ ಅತಿಥಿಯ ಸುರಕ್ಷತೆ ಯಾವುದರ ಮೇಲೆ ನಿಂತಿದೆ, ಅದಕ್ಕೆ ಬೆಲೆ ತೆರುವವರು ಯಾರು ಎಂಬ ಪ್ರಶ್ನೆಗಳು ಅಲ್ಲಿ ನನ್ನನ್ನು ಕಾಡಿದವು. ಅವು ನಮ್ಮ ರಾಜ್ಯದ ರೆಸಾರ್ಟು, ಛತ್ರ, ದರ್ಶಿನಿಗಳಿಗೂ ಅನ್ವಯಿಸುವಂಥವು.

ಅರವತ್ತು ದಾಟಿದವನಿಗೆ ಅಲ್ಲೇನು ಕೆಲಸ?

ಮಗಳ ಮನೆ ಟ್ಯಾಂಪಾ ನಗರದಲ್ಲಿದೆ. ಅಲ್ಲಿಂದ ಡಿಸ್ನಿ ವರ್ಲ್ಡ್ ಕಾರಿನಲ್ಲಿ ಒಂದೂವರೆ ಗಂಟೆಯೊಳಗಿನ ದಾರಿ. ಮೊಮ್ಮಕ್ಕಳಿಗೆ ಶಾಲೆ, ಮಗಳು ಅಳಿಯನಿಗೆ ಕಚೇರಿ. ನನ್ನ ಕುತೂಹಲವಾದರೋ ಜಾರುಬಂಡೆಗಳದ್ದಲ್ಲ. 1971ರ ಅಕ್ಟೋಬರ್ 1ರಂದು ಬಾಗಿಲು ತೆರೆದ, ಸುಮಾರು ನೂರು ಚದರ ಕಿಲೋಮೀಟರ್ ಹರಡಿರುವ, ನಾಲ್ಕು ಥೀಮ್ ಪಾರ್ಕುಗಳನ್ನೂ ಇಪ್ಪತ್ತೈದಕ್ಕಿಂತ ಹೆಚ್ಚು ಹೋಟೆಲುಗಳನ್ನೂ ಒಳಗೊಂಡ ಈ ಪ್ರದೇಶಕ್ಕೆಂದೇ ಫ್ಲಾರಿಡಾ ಶಾಸಕಾಂಗ 1967ರಲ್ಲಿ ವಿಶೇಷ ಆಡಳಿತ ಜಿಲ್ಲೆಯೊಂದನ್ನು ರಚಿಸಿತ್ತು. ರಸ್ತೆ, ಚರಂಡಿ, ಅಗ್ನಿಶಾಮಕ ಸೇವೆಗಳೆಲ್ಲ ಬಹುಮಟ್ಟಿಗೆ ಒಂದು ಖಾಸಗಿ ಸಂಸ್ಥೆಯ ಇಚ್ಛೆಯಂತೆ ನಡೆದ ಆ ವ್ಯವಸ್ಥೆಯನ್ನು 2023ರಲ್ಲಿ ರಾಜ್ಯ ಸರ್ಕಾರ ಬದಲಾಯಿಸಿ, ಅದರ ಮಂಡಳಿಯನ್ನು ತನ್ನ ನೇಮಕಾತಿಗೆ ಒಳಪಡಿಸಿಕೊಂಡಿತು. ಆಡಳಿತದಲ್ಲಿಯೇ ಆಯುಷ್ಯ ಕಳೆದವನಿಗೆ ಇದನ್ನು ಕಣ್ಣಾರೆ ನೋಡಬೇಕೆನಿಸಿದ್ದು ಸಹಜ. ‘ನೀವೊಬ್ಬರೇ ಹೋಗಿ ಅಲ್ಲಿ ಏನು ತಿನ್ನುತ್ತೀರಪ್ಪ?’ ಎಂಬುದು ಮಗಳ ಏಕೈಕ ಆಕ್ಷೇಪವಾಗಿತ್ತು. ನ್ಯಾಯವಾದ ಆಕ್ಷೇಪ.

ನನ್ನದು ಅಲ್ಲಿನ ಅಗ್ಗದ ದರ್ಜೆಯ ಹೋಟೆಲು. ‘ಅಗ್ಗ’ ಎಂಬುದು ಅಲ್ಲಿ ಸಾಪೇಕ್ಷ ಪದ. ಕೋಣೆಯ ಬಾಡಿಗೆ ಇಬ್ಬರು ವಯಸ್ಕರ ಲೆಕ್ಕದ್ದು. ಒಬ್ಬನೇ ಇದ್ದರೂ ಅಷ್ಟೇ ಕೊಡಬೇಕು. ಇಂಥ ಹೋಟೆಲುಗಳಲ್ಲಿ ಕುಳಿತಲ್ಲಿಗೆ ಬಂದು ಬಡಿಸುವ ಭೋಜನಶಾಲೆ ಇರುವುದಿಲ್ಲ. ಬೇರೆ ಬೇರೆ ಕೌಂಟರುಗಳಿರುವ ಫುಡ್ ಕೋರ್ಟ್ ಇರುತ್ತದೆ. ಮೇಜಿನ ಬಳಿ ಬಂದು ಬಡಿಸುವ ಊಟ ಬೇಕಾದರೆ ಪಾರ್ಕುಗಳ ಒಳಗಿನ ಅಥವಾ ದುಬಾರಿ ಹೋಟೆಲುಗಳ ಭೋಜನಶಾಲೆಗಳಲ್ಲಿ ಮುಂಗಡ ಕಾಯ್ದಿರಿಸಬೇಕು.

ಅಪಾಯದ ಸ್ವರೂಪ

ಮುಂದುವರಿಯುವ ಮುನ್ನ ಅಪಾಯವೇನೆಂಬುದನ್ನು ಸ್ಪಷ್ಟಪಡಿಸಬೇಕು. ಹಾಲು ಕುಡಿದರೆ ಹೊಟ್ಟೆಯುಬ್ಬರಿಸುವುದು ಅಜೀರ್ಣದ ಬಗೆ. ಅದು ಕಿರಿಕಿರಿ, ಮರಣಾಂತಿಕವಲ್ಲ. ಅಲರ್ಜಿ ಹಾಗಲ್ಲ. ನಿರಪಾಯಕಾರಿಯಾದ ಆಹಾರದ ಪ್ರೋಟೀನನ್ನು ದೇಹದ ರಕ್ಷಣಾ ವ್ಯವಸ್ಥೆಯು ಶತ್ರುವೆಂದು ಬಗೆದು ಯುದ್ಧ ಸಾರುವುದೇ ಅಲರ್ಜಿ. ಅದು ಉಲ್ಬಣಿಸಿದ ಸ್ಥಿತಿಗೆ ಅನಾಫಿಲ್ಯಾಕ್ಸಿಸ್ ಎಂದು ಹೆಸರು. ಫ್ರಾನ್ಸಿನ ಚಾರ್ಲ್ಸ್ ರಿಷೆ ಮತ್ತು ಪಾಲ್ ಪೋರ್ಟಿಯೆ 1902ರಲ್ಲಿ ಈ ವಿದ್ಯಮಾನವನ್ನು ವಿವರಿಸಿದರು. ಅದಕ್ಕಾಗಿ ರಿಷೆ ಅವರಿಗೆ 1913ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಮೈತುಂಬ ದದ್ದು, ಗಂಟಲು ಕಟ್ಟುವುದು, ಉಬ್ಬಸ, ರಕ್ತದೊತ್ತಡದ ಕುಸಿತ ಇವೆಲ್ಲ ಕೆಲವೇ ನಿಮಿಷಗಳಲ್ಲಿ ಒಂದರ ಮೇಲೊಂದು ಬರಬಹುದು.

ಇದಕ್ಕೆ ಮೊದಲ ಮದ್ದು ಅಡ್ರಿನಲಿನ್. ಅದನ್ನು ತೊಡೆಯ ಹೊರಭಾಗದ ಸ್ನಾಯುವಿಗೆ ತಡಮಾಡದೆ ಚುಚ್ಚಬೇಕು. ದದ್ದು, ತುರಿಕೆಗೆ ನುಂಗುವ ಮಾತ್ರೆಗಳು ಅದಕ್ಕೆ ಬದಲಿಯಲ್ಲ. ಚುಚ್ಚಿಕೊಂಡ ಮೇಲೆ ಕಾಲುಗಳನ್ನು ಎತ್ತರಿಸಿ ಮಲಗಬೇಕು, ಉಸಿರಾಟ ಕಷ್ಟವಾದರೆ ಕುಳಿತಿರಬಹುದು. ಥಟ್ಟನೆ ಎದ್ದು ನಡೆಯಬಾರದು. ಇನ್ನೊಂದು ಸಂಗತಿ ಒಂಟಿಯಾಗಿರುವವರು ಮರೆಯಬಾರದಂಥದು: ಮೊದಲ ಹೊಡೆತ ಅಡಗಿದ ಕೆಲವು ಗಂಟೆಗಳ ನಂತರ, ಮತ್ತೆ ಏನನ್ನೂ ತಿನ್ನದೆಯೇ, ಲಕ್ಷಣಗಳು ಮರುಕಳಿಸಬಹುದು. ಆದ್ದರಿಂದಲೇ ಆಸ್ಪತ್ರೆಯಲ್ಲಿ ನಿಗಾದಲ್ಲಿರಬೇಕೆನ್ನುವುದು. ‘ಈಗ ಪರವಾಗಿಲ್ಲ’ ಎಂದು ಹೋಟೆಲಿನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಮಲಗುವುದಕ್ಕಿಂತ ದೊಡ್ಡ ಅಪಾಯ ಬೇರೊಂದಿಲ್ಲ. ವಯಸ್ಸಾದವರಿಗೆ ಮತ್ತೊಂದು ತೊಡಕಿದೆ. ರಕ್ತದೊತ್ತಡಕ್ಕೆ, ಹೃದಯದ ತೊಂದರೆಗೆ ಕೊಡುವ ಬೀಟಾ ಬ್ಲಾಕರ್ ಗುಂಪಿನ ಔಷಧಗಳು ಅಡ್ರಿನಲಿನ್‌ನ ಪರಿಣಾಮವನ್ನು ಕುಗ್ಗಿಸಬಲ್ಲವು. ಪ್ರಯಾಣಕ್ಕೆ ಮುನ್ನ ವೈದ್ಯರಲ್ಲಿ ಇದನ್ನು ಕೇಳಿಯೇ ಹೊರಡಬೇಕು. ನಾನು ಹಾಗೆಯೇ ಮಾಡಿದ್ದೆ.

ತಾವೇ ಚುಚ್ಚಿಕೊಳ್ಳಬಹುದಾದ ಅಡ್ರಿನಲಿನ್ ಪೆನ್ನುಗಳು ಎರಡನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕೆಂಬುದು ವೈದ್ಯರ ಸಲಹೆ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಈ ಪೆನ್ನೇ ಒಂದು ಪಾಠ. ಅದರೊಳಗಿನ ಔಷಧ ಬಹು ಅಗ್ಗದ್ದು. ಆದರೂ ಅಮೆರಿಕದಲ್ಲಿ ಎಪಿಪೆನ್ ಜೋಡಿಯ ಬೆಲೆ 2007ರಲ್ಲಿ ಸುಮಾರು 100 ಡಾಲರ್ ಇದ್ದದ್ದು 2016ರ ವೇಳೆಗೆ ಸುಮಾರು 600 ಡಾಲರಿಗೆ ಏರಿ, ಅಲ್ಲಿನ ಸಂಸತ್ತು ಕಂಪನಿಯ ಮುಖ್ಯಸ್ಥರನ್ನು ಕರೆಸಿ ವಿಚಾರಿಸುವಂತಾಯಿತು. ಬೆಲೆ ಎಷ್ಟಾದರೂ ಕೊಳ್ಳದೆ ವಿಧಿಯಿಲ್ಲದ ಸರಕಿನ ಬೇಡಿಕೆ ಕುಗ್ಗುವುದಿಲ್ಲ ಎಂಬ ಪಠ್ಯಪುಸ್ತಕದ ಮಾತಿಗೆ ಇದಕ್ಕಿಂತ ಕಠೋರ ಉದಾಹರಣೆ ಸಿಗದು. 2018ರಲ್ಲಿ ಮತ್ತೊಂದು ಕಂಪನಿಯ ಜೆನೆರಿಕ್ ಪೆನ್ನಿಗೂ 2024ರಲ್ಲಿ ಮೂಗಿಗೆ ಸಿಂಪಡಿಸುವ ಅಡ್ರಿನಲಿನ್‌ಗೂ ಅಲ್ಲಿ ಅನುಮತಿ ದೊರೆಯಿತು.

ಅಡುಗೆಮನೆಯಿಂದ ಬಂದ ಉತ್ತರ

ಡಿಸ್ನಿ ವರ್ಲ್ಡ್‌ನ ಊಟದ ವ್ಯವಸ್ಥೆಯಲ್ಲಿ ನಾನು ಗಮನಿಸಿದ್ದು ಇಷ್ಟು. ಮೇಜು ಕಾಯ್ದಿರಿಸುವಾಗಲೇ ಅಲರ್ಜಿ ಯಾವುದೆಂದು ನಮೂದಿಸಬಹುದು. ಕುಳಿತ ಕೂಡಲೆ ಬಡಿಸುವವರು ಅದನ್ನು ಮತ್ತೆ ಕೇಳುತ್ತಾರೆ. ಪ್ರತಿ ಅಲರ್ಜಿಗೂ ಯಾವ ತಿನಿಸು ಸಲ್ಲುತ್ತದೆ ಎಂಬುದನ್ನು ವಿಂಗಡಿಸಿದ ಬೇರೊಂದು ಮೆನು ತಂದುಕೊಡುತ್ತಾರೆ. ಸಂಶಯವಿದ್ದರೆ ಶೆಫ್ ಜೊತೆಗೇ ಮಾತನಾಡಬಹುದು. ಫುಡ್ ಕೋರ್ಟುಗಳಿಗೂ ಇಂಥದೇ ಪಟ್ಟಿಯಿದೆ. ಮೊಬೈಲ್ ಮೂಲಕ ತಿಂಡಿ ತರಿಸುವಾಗಲೂ ಅದು ಪ್ರತ್ಯೇಕವಾಗಿ ಕಾಣುತ್ತದೆ. ಅಲರ್ಜಿಯಿರುವವರು ತಮ್ಮ ಆಹಾರವನ್ನು ಪಾರ್ಕಿನೊಳಗೆ ಒಯ್ಯುವುದಕ್ಕೆ ಅಡ್ಡಿಯಿಲ್ಲ. ಪಾರ್ಕುಗಳ ಪ್ರಥಮ ಚಿಕಿತ್ಸಾ ಕೇಂದ್ರಗಳಲ್ಲಿ ಅಡ್ರಿನಲಿನ್ ಪೆನ್ನು ಇಟ್ಟಿರುತ್ತಾರೆ.

ಒಂದು ಸಂಜೆ ಅನಿಮಲ್ ಕಿಂಗ್‌ಡಮ್ ಲಾಡ್ಜ್ ಎಂಬ ಹೋಟೆಲಿನ ಸನಾ ಭೋಜನಶಾಲೆಗೆ ಹೋಗಿದ್ದೆ. ಆಫ್ರಿಕದ ಅಡುಗೆಗೆ ಭಾರತೀಯ ರುಚಿ ಬೆರೆತ ಊಟ ಅಲ್ಲಿಯ ವಿಶೇಷ. ವಾರಗಟ್ಟಲೆ ಸಪ್ಪೆ ಊಟ ಉಂಡ ನಾಲಿಗೆಗೆ ಮಸಾಲೆಯ ವಾಸನೆಯೇ ಆಕರ್ಷಣೆ. ನನ್ನಂಥವನಿಗೆ ಅದೇ ಅತ್ಯಂತ ಹೆಚ್ಚು ಪ್ರಶ್ನೆ ಕೇಳಬೇಕಾದ ಜಾಗವೂ ಹೌದು. ಉತ್ತರ ಭಾರತದ ಶೈಲಿಯ ಗಟ್ಟಿ ಗ್ರೇವಿಗಳಲ್ಲಿ ಅರೆದ ಗೋಡಂಬಿ ಕಣ್ಣಿಗೆ ಕಾಣದಂತೆ ಕರಗಿರುತ್ತದೆ. ಶೆಫ್ ಹೊರಗೆ ಬಂದಾಗ ನಾನು ಮೂರು ಪ್ರಶ್ನೆ ಕೇಳಿದೆ: ಗ್ರೇವಿಯನ್ನು ಯಾವುದರಿಂದ ಗಟ್ಟಿಗೊಳಿಸುತ್ತೀರಿ? ಕರಿಯುವ ಎಣ್ಣೆಯ ಬಾಣಲೆ ಎಲ್ಲಕ್ಕೂ ಒಂದೆಯೇ? ರೊಟ್ಟಿಯ ಹಿಟ್ಟಿನಲ್ಲಿ ಅಥವಾ ಮೇಲ್ಗಡೆ ಎಳ್ಳು ಇದೆಯೇ? ಆಕೆ ಎರಡಕ್ಕೆ ಅಲ್ಲಿಯೇ ಉತ್ತರಿಸಿ, ಮೂರನೆಯದಕ್ಕೆ ‘ನೋಡಿ ಬಂದು ಹೇಳುತ್ತೇನೆ’ ಎಂದು ಒಳಗೆ ಹೋದರು. ನನಗೆ ಧೈರ್ಯ ತಂದದ್ದು ಆ ಎರಡು ಉತ್ತರಗಳಿಗಿಂತ ಹೆಚ್ಚಾಗಿ ಈ ಮೂರನೆಯ ಮಾತೇ. ಗೊತ್ತಿಲ್ಲದ್ದನ್ನು ಊಹಿಸಿ ಹೇಳದೆ ಹೋಗಿ ನೋಡಿ ಬರುವ ಅಭ್ಯಾಸ ಕಚೇರಿಗಳಲ್ಲೂ ವಿರಳ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಪಟ್ಟಿಗಳನ್ನು ಅವರು ‘ಅಲರ್ಜಿ ಸ್ನೇಹಿ’ ಎನ್ನುತ್ತಾರೆಯೇ ಹೊರತು ‘ಅಲರ್ಜಿ ಮುಕ್ತ’ ಎನ್ನುವುದಿಲ್ಲ. ಅಡುಗೆಮನೆ ಒಂದೇ ಆದ್ದರಿಂದ ಸೌಟು, ಹಲಗೆ, ಎಣ್ಣೆಗಳ ಮೂಲಕ ಒಂದರದು ಇನ್ನೊಂದಕ್ಕೆ ತಾಗುವ ಸಾಧ್ಯತೆಯನ್ನು ಪೂರ್ತಿ ಅಲ್ಲಗಳೆಯಲಾಗದೆಂಬ ಎಚ್ಚರಿಕೆ ಜೊತೆಗೇ ಇರುತ್ತದೆ. ಕಡತಗಳ ನಡುವೆ ಬಾಳಿದವನಿಗೆ ಈ ಎರಡು ಪದಗಳ ನಡುವಿನ ಅಂತರ ತಕ್ಷಣ ಕಣ್ಣಿಗೆ ಬೀಳುತ್ತದೆ. ಮೊದಲನೆಯದು ಪ್ರಯತ್ನದ ಭರವಸೆ, ಎರಡನೆಯದು ಫಲದ ಭರವಸೆ. ಅತಿಥಿ ಈ ವ್ಯತ್ಯಾಸವನ್ನು ತಿಳಿದೇ ಉಣ್ಣಬೇಕು.

ಒಂಟಿತನದ ಲೆಕ್ಕಾಚಾರ

ಒಬ್ಬನೇ ಇರುವವನಿಗೆ ಎದುರಾಗುವ ಮೊದಲ ಶತ್ರು ದಾಕ್ಷಿಣ್ಯ. ಫುಡ್ ಕೋರ್ಟಿನ ಸರತಿಯಲ್ಲಿ ಹಿಂದೆ ಹಸಿದ ಮಕ್ಕಳು, ಅವರನ್ನು ಎತ್ತಿಕೊಂಡು ಬಸವಳಿದ ತಾಯಂದಿರು. ಮುಂದೆ ನಿಂತ ಮುದುಕನೊಬ್ಬ ಬನ್ನಿನಲ್ಲಿ ಎಳ್ಳಿದೆಯೇ ಎಂದು ವಿಚಾರಣೆ ನಡೆಸಿದರೆ ಎಲ್ಲರ ಹೊತ್ತೂ ಕಳೆಯುತ್ತದೆ. ಜೊತೆಯಲ್ಲಿ ಮಗಳಿದ್ದರೆ ಅವಳೇ ಕೇಳಿಬಿಡುತ್ತಿದ್ದಳು; ಪರರಿಗಾಗಿ ಕೇಳುವಾಗ ನಾಚಿಕೆಯಿಲ್ಲ. ತನಗಾಗಿ ಕೇಳುವಾಗ ಮಾತ್ರ ನಾಲಿಗೆ ತಡೆಯುತ್ತದೆ. ಇದಕ್ಕೆ ನಾನು ಕಂಡುಕೊಂಡ ಉಪಾಯ ಸರಳ. ಎಳ್ಳು, ಗೋಡಂಬಿ, ಪಿಸ್ತಾ ಎಂಬ ಮೂರು ಪದಗಳನ್ನು ದಪ್ಪ ಅಕ್ಷರದ ಇಂಗ್ಲಿಷಿನಲ್ಲಿ ಬರೆದ ಚೀಟಿಯನ್ನು ಕೌಂಟರಿನ ಮೇಲಿಡುವುದು. ಊಟದ ಹೊತ್ತಿಗೆ ಅರ್ಧ ಗಂಟೆ ಮೊದಲೇ, ಜನ ಕಡಿಮೆಯಿರುವಾಗ ಹೋಗುವುದು. ಎಲ್ಲ ಪಾತ್ರೆಗಳಿಗೂ ಎಲ್ಲರ ಕೈ ಬೀಳುವ ಬಫೆಗಳನ್ನು ದೂರವಿಟ್ಟೆ. ಎಪ್‌ಕಾಟ್ ಪಾರ್ಕಿನ ಕೆರೆಯ ಸುತ್ತ ಹನ್ನೊಂದು ದೇಶಗಳ ಮಂಟಪಗಳಿವೆ. ಚೀನಾ, ಜಪಾನ್, ಮೊರಾಕೊ ದೇಶಗಳ ಅಡುಗೆಗೆ ಎಳ್ಳು ಬಹು ಪ್ರಿಯವಾದ್ದರಿಂದ ಅವುಗಳ ಮುಂದೆ ಬರಿಯ ಕಣ್ಣಿನಿಂದಲೇ ತೃಪ್ತಿಪಟ್ಟುಕೊಂಡೆ.

ಮಿಕ್ಕ ಸಿದ್ಧತೆ ಮಗಳ ಮನೆಯಿಂದಲೇ ಆಗಿತ್ತು. ಅವಲಕ್ಕಿ, ಹುರಿದ ರವೆ, ಎಳ್ಳು ಹಾಕದ ಚಟ್ನಿಪುಡಿ ಚೀಲದಲ್ಲಿದ್ದವು. ಕೋಣೆಯಲ್ಲಿ ಬಿಸಿನೀರು ಸಿಗುತ್ತದೆ. ಚಿಕ್ಕ ಫ್ರಿಜ್ ಇದೆ, ಅದರಲ್ಲಿ ಮೊಸರು ಉಳಿಯುತ್ತದೆ. ಬೆಳಗಿನ ತಿಂಡಿಯ ಚಿಂತೆ ಅಲ್ಲಿಗೆ ತೀರಿತು. ಅಡ್ರಿನಲಿನ್ ಪೆನ್ನನ್ನು ಫ್ರಿಜ್ಜಿನಲ್ಲೂ ಇಡಬಾರದು, ಬಿಸಿಲಿಗೆ ಕಾದ ಕಾರಿನಲ್ಲೂ ಬಿಡಬಾರದು. ಫ್ಲಾರಿಡಾದ ಸೆಕೆಯಲ್ಲಿ ಅದನ್ನು ನೆರಳಿನಲ್ಲಿ, ಮೈಗೆ ಹತ್ತಿರದ ಚೀಲದಲ್ಲಿ ಇಟ್ಟುಕೊಂಡು ತಿರುಗಿದೆ. ಹೋಟೆಲಿನ ಸ್ವಾಗತ ಕಚೇರಿಯಲ್ಲಿ ಮೊದಲ ದಿನವೇ ನನ್ನ ವಿಷಯ ತಿಳಿಸಿದೆ. ಹೊಸ ತಿನಿಸನ್ನು ರಾತ್ರಿ ಕೋಣೆಯಲ್ಲಿ ಒಬ್ಬನೇ ಕುಳಿತು ತಿನ್ನುವುದಿಲ್ಲ, ಹಗಲಿನಲ್ಲಿ ಜನರ ನಡುವೆಯೇ ತಿನ್ನುವುದು ಎಂಬ ನಿಯಮ ಹಾಕಿಕೊಂಡೆ. ಊಟವಾದ ಒಂದು ಗಂಟೆಯ ಮೇಲೆ ಮಗಳಿಗೆ ದಿನವೂ ಒಂದು ಫೋನು. ಎರಡು ಗಂಟೆ ಸುದ್ದಿಯಿಲ್ಲದಿದ್ದರೆ ಅವಳು ಹೋಟೆಲಿಗೆ ಫೋನು ಮಾಡಬೇಕು. ಇಂಥ ಏರ್ಪಾಡು ಒಂಟಿ ಪ್ರವಾಸದ ಸ್ವಾತಂತ್ರ್ಯವನ್ನು ಕುಂದಿಸುತ್ತದೆಂದು ಕೆಲವರು ಹೇಳಬಹುದು. ನನಗನ್ನಿಸಿದ್ದು, ಆ ಸ್ವಾತಂತ್ರ್ಯವನ್ನು ಸಾಧ್ಯವಾಗಿಸಿದ್ದೇ ಅದು.

ಕುಟುಂಬದ ವೀಟೊ

ಇಷ್ಟೆಲ್ಲ ಜಾಗರೂಕತೆಯನ್ನು ಒಂದು ವಾಣಿಜ್ಯ ಸಂಸ್ಥೆ ಏಕೆ ವಹಿಸುತ್ತದೆ? ಕರುಣೆಯಿಂದ ಎಂದುಕೊಂಡರೆ ಅರ್ಥಶಾಸ್ತ್ರಕ್ಕೆ ಅನ್ಯಾಯವಾಗುತ್ತದೆ. ಹತ್ತು ಜನರ ಕುಟುಂಬದಲ್ಲಿ ಒಂದು ಮಗುವಿಗೆ ಕಡಲೆಕಾಯಿ ಒಗ್ಗದೆಂದರೆ, ಎಲ್ಲಿ ಉಣ್ಣಬೇಕೆಂಬುದನ್ನು ನಿರ್ಧರಿಸುವುದು ಆ ಮಗುವಿನ ಸುರಕ್ಷತೆಯೇ. ಅಲ್ಲಿ ಭಯವೆನಿಸಿದರೆ ಹತ್ತು ಮಂದಿಯೂ ಬೇರೆ ಕಡೆ ಹೋಗುತ್ತಾರೆ. ಹೋಟೆಲು, ಟಿಕೆಟ್ಟು, ಊಟ ಎಲ್ಲವೂ ಕೈಬಿಡುತ್ತವೆ. ಒಂದು ಮಗುವಿನ ಕೈಯಲ್ಲಿ ಹತ್ತು ಊಟಗಳ ವೀಟೊ ಇದೆ. ಮಕ್ಕಳನ್ನೇ ನೆಚ್ಚಿಕೊಂಡ ವ್ಯಾಪಾರಕ್ಕೆ ಆ ವೀಟೊದ ಬೆಲೆ ಚೆನ್ನಾಗಿ ಗೊತ್ತು.

ಒಂಟಿ ಅತಿಥಿಗೆ ಈ ಬಲವಿಲ್ಲ. ಅವನು ಎದ್ದುಹೋದರೆ ನಷ್ಟ ಒಂದೇ ತಟ್ಟೆಯದು. ನಾನು ಅಲ್ಲಿ ಸುರಕ್ಷಿತವಾಗಿ ಉಂಡದ್ದು ಅಲರ್ಜಿಯಿರುವ ಮಕ್ಕಳ ತಂದೆತಾಯಿಗಳು ವರ್ಷಗಟ್ಟಲೆ ಕೇಳಿ, ಒತ್ತಾಯಿಸಿ, ಕಟ್ಟಿಸಿಕೊಂಡ ವ್ಯವಸ್ಥೆಯ ಮರೆಯಲ್ಲಿ. ಮತ್ತೊಬ್ಬರು ನೆಟ್ಟ ಮರದ ನೆರಳು ಅದು. ಹಾಗಾದರೆ ಇಂಥ ಕುಟುಂಬಗಳು ಗುಂಪಾಗಿ ಬರದ ಕಡೆ, ಗ್ರಾಹಕನಿಗೆ ಎದ್ದುಹೋಗುವ ಬಲವಿಲ್ಲದ ಕಡೆ, ಒಂಟಿ ಅತಿಥಿಯ ಗತಿಯೇನು?

ಜಾರ್ಜ್ ಅಕೆರ್ಲಾಫ್ ಅವರು 1970ರಲ್ಲಿ ಬರೆದ ಪ್ರಬಂಧವೊಂದು, ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಮಾರುಕಟ್ಟೆ ಹೇಗೆ ಕೆಡುತ್ತದೆಂಬುದನ್ನು ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿತು. ಮಾಹಿತಿಯ ಈ ಅಸಮತೆಯ ಅಧ್ಯಯನಕ್ಕಾಗಿ 2001ರಲ್ಲಿ ಅವರೂ ಇನ್ನಿಬ್ಬರೂ ನೊಬೆಲ್ ಹಂಚಿಕೊಂಡರು. ಕೆಟ್ಟ ಕಾರನ್ನು ಕೊಂಡವನು ಹಣ ಕಳೆದುಕೊಳ್ಳುತ್ತಾನೆ, ಮುಂದಿನ ಸಲ ಎಚ್ಚರವಾಗುತ್ತಾನೆ. ಗ್ರೇವಿಯೊಳಗಿನ ಗೋಡಂಬಿಯ ವಿಷಯದಲ್ಲಿ ಮುಂದಿನ ಸಲ ಎಂಬುದು ಇಲ್ಲದೆಯೂ ಹೋಗಬಹುದು. ಆದ್ದರಿಂದ ಇಲ್ಲಿ ಕಾನೂನಿನ ಪ್ರವೇಶ ಅನಿವಾರ್ಯ.

ಮಾರುಕಟ್ಟೆಯ ಮಿತಿ, ಕಾನೂನಿನ ಮಿತಿ

ಡಿಸ್ನಿಯ ಹೆಸರಿರುವ ಜಾಗದಲ್ಲಿಯೂ ಮಾರುಕಟ್ಟೆಯ ಮಿತಿ ಕಂಡಿದೆ. 2023ರ ಅಕ್ಟೋಬರ್‌ನಲ್ಲಿ, ಡಿಸ್ನಿ ವರ್ಲ್ಡ್‌ನ ವಾಣಿಜ್ಯ ಸಂಕೀರ್ಣವಾದ ಡಿಸ್ನಿ ಸ್ಪ್ರಿಂಗ್ಸ್‌ನಲ್ಲಿ ಬೇರೆ ಮಾಲೀಕರು ನಡೆಸುವ ಭೋಜನಶಾಲೆಯೊಂದರಲ್ಲಿ ಉಂಡ ಮಹಿಳೆಯೊಬ್ಬರು ಅದೇ ಸಂಜೆ ಮೃತಪಟ್ಟರು. ಹಾಲು ಮತ್ತು ಬೀಜಗಳ ಅಲರ್ಜಿ ಇದೆಯೆಂದು ಪದೇ ಪದೇ ತಿಳಿಸಿ, ಭರವಸೆ ಪಡೆದೇ ಉಂಡಿದ್ದರೆಂಬುದು ಅವರ ಪತಿ 2024ರಲ್ಲಿ ಹೂಡಿದ ದಾವೆಯ ಆರೋಪ. ಪತಿಯು ಕೆಲವು ವರ್ಷಗಳ ಹಿಂದೆ ಡಿಸ್ನಿ ಪ್ಲಸ್ ವೀಕ್ಷಣಾ ಸೇವೆಗೆ ನೋಂದಾಯಿಸಿಕೊಳ್ಳುವಾಗ ಒಪ್ಪಿದ ಷರತ್ತನ್ನೂ ಮುಂದಿಟ್ಟು, ವ್ಯಾಜ್ಯವನ್ನು ನ್ಯಾಯಾಲಯದಿಂದ ಖಾಸಗಿ ಮಧ್ಯಸ್ಥಿಕೆಗೆ ಒಯ್ಯಬೇಕೆಂದು ಡಿಸ್ನಿ ಸಂಸ್ಥೆ ವಾದಿಸಿತು. ಜನರ ಆಕ್ರೋಶದ ನಂತರ 2024ರ ಆಗಸ್ಟ್‌ನಲ್ಲಿ ಆ ವಾದವನ್ನು ಕೈಬಿಟ್ಟಿತು. ದಾವೆಯ ಸರಿತಪ್ಪನ್ನು ಹೇಳುವುದು ನನ್ನ ಕೆಲಸವಲ್ಲ. ಆದರೆ ಸ್ವಯಂಪ್ರೇರಿತ ಸೌಜನ್ಯಕ್ಕೂ ಕಾನೂನುಬದ್ಧ ಹಕ್ಕಿಗೂ ಇರುವ ಅಂತರವನ್ನು ಈ ಪ್ರಕರಣ ಎತ್ತಿ ತೋರಿಸಿತು.

ಕಾನೂನಿಗೂ ತನ್ನದೇ ವಕ್ರಗತಿಯಿದೆ. ಪೊಟ್ಟಣದ ಆಹಾರಗಳ ಮೇಲೆ ಎಂಟು ಮುಖ್ಯ ಅಲರ್ಜಿಕಾರಕಗಳನ್ನು ನಮೂದಿಸಬೇಕೆಂದು ಅಮೆರಿಕ 2004ರಲ್ಲಿ ಕಾಯ್ದೆ ಮಾಡಿತು. 2021ರ ಕಾಯ್ದೆಯೊಂದರಿಂದ, 2023ರ ಜನವರಿ 1ರಿಂದ ಅನ್ವಯವಾಗುವಂತೆ, ಎಳ್ಳು ಒಂಬತ್ತನೆಯದಾಗಿ ಸೇರಿತು. ನನ್ನಂಥವರಿಗೆ ಹಬ್ಬವಾಗಬೇಕಿತ್ತು. ಆದದ್ದು ಬೇರೆ. ಎಳ್ಳಿನ ಸೋಂಕಿಲ್ಲದಂತೆ ಯಂತ್ರಗಳನ್ನು ತೊಳೆದಿಡುವುದು ದುಬಾರಿಯೆಂದು ಬಗೆದ ಕೆಲವು ಬ್ರೆಡ್ ತಯಾರಕರು, ಅದುವರೆಗೆ ಎಳ್ಳಿಲ್ಲದಿದ್ದ ಬನ್ನುಗಳಿಗೆ ಬೇಕೆಂದೇ ಒಂದಿಷ್ಟು ಎಳ್ಳಿನ ಹಿಟ್ಟು ಬೆರೆಸಿ, ಲೇಬಲ್ಲಿನ ಮೇಲೆ ‘ಎಳ್ಳು ಇದೆ’ ಎಂದು ಮುದ್ರಿಸಿದರು. ಕಾನೂನಿನ ಪಾಲನೆಯಾಯಿತು, ಅಲರ್ಜಿಯವರು ತಿನ್ನಬಹುದಾಗಿದ್ದ ಬನ್ನು ತಿನ್ನಬಾರದ್ದಾಯಿತು. ನಿಯಮ ರೂಪಿಸುವವರು, ನಿಯಮಕ್ಕೆ ಒಳಪಡುವವನಿಗೆ ಯಾವ ದಾರಿ ಅಗ್ಗವೆಂಬುದನ್ನು ಮೊದಲೇ ಯೋಚಿಸಬೇಕೆಂಬುದಕ್ಕೆ ಇದೊಂದು ನಿದರ್ಶನ. ಇದಲ್ಲದೆ ಈ ಎರಡೂ ಕಾಯ್ದೆಗಳು ಪೊಟ್ಟಣದ ಆಹಾರಕ್ಕಷ್ಟೇ ಸಂಬಂಧಿಸಿದವು; ಹೋಟೆಲಿನ ತಟ್ಟೆಗಲ್ಲ. 20ಕ್ಕಿಂತ ಕಡಿಮೆಯಿಲ್ಲದ ಮಳಿಗೆಗಳುಳ್ಳ ಹೋಟೆಲು ಸರಣಿಗಳು ಮೆನುವಿನಲ್ಲಿ ಅಲರ್ಜಿಕಾರಕಗಳನ್ನು ತಿಳಿಸಬೇಕೆಂಬ ಕಾಯ್ದೆಗೆ ಕ್ಯಾಲಿಫೋರ್ನಿಯಾ ರಾಜ್ಯಪಾ­ಲರು ಸಹಿ ಹಾಕಿದ್ದು 2025ರ ಅಕ್ಟೋಬರ್‌ನಲ್ಲಿ.

ಯುರೋಪ್ ಈ ವಿಷಯದಲ್ಲಿ ಮುಂದಿದೆ. 2014ರ ಡಿಸೆಂಬರ್‌ನಿಂದ ಅಲ್ಲಿ ಹೋಟೆಲುಗಳೂ ಸೇರಿದಂತೆ, ಬಿಡಿಯಾಗಿ ಮಾರುವ ಆಹಾರಕ್ಕೂ ಹದಿನಾಲ್ಕು ಅಲರ್ಜಿಕಾರಕಗಳ ಮಾಹಿತಿ ಕಡ್ಡಾಯ. ಎಳ್ಳು, ಸಾಸಿವೆ ಎರಡೂ ಆ ಪಟ್ಟಿಯಲ್ಲಿವೆ. ಬ್ರಿಟನ್ನಿನಲ್ಲಿ ನತಾಶಾ ಎಂಬ ಹದಿನೈದರ ಬಾಲಕಿ 2016ರಲ್ಲಿ ತಿಂದ ಸ್ಯಾಂಡ್‌ವಿಚ್‌ನ ಬ್ರೆಡ್ಡಿನಲ್ಲಿ ಎಳ್ಳಿತ್ತು, ಹೊದಿಕೆಯ ಮೇಲೆ ಅದರ ಉಲ್ಲೇಖವಿರಲಿಲ್ಲ. ಆಕೆಯ ಸಾವಿನ ನಂತರ ಹೆತ್ತವರು ನಡೆಸಿದ ಹೋರಾಟದ ಫಲವಾಗಿ, ಅಂಗಡಿಯಲ್ಲೇ ತಯಾರಿಸಿ ಕಟ್ಟಿಡುವ ತಿನಿಸಿಗೂ ಪೂರ್ಣ ಪಟ್ಟಿ ಇರಬೇಕೆಂಬ ನಿಯಮ 2021ರ ಅಕ್ಟೋಬರ್‌ನಲ್ಲಿ ಆಕೆಯ ಹೆಸರಿನಿಂದಲೇ ಜಾರಿಗೆ ಬಂದಿತು.

ನಮ್ಮ ತಟ್ಟೆಯ ಮಾತು

ನಮ್ಮಲ್ಲಿ ನಿಯಮವೇ ಇಲ್ಲವೆಂದು ಹೇಳಲಾಗದು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಾವಳಿಯಂತೆ ಪೊಟ್ಟಣಗಳ ಮೇಲೆ ಅಲರ್ಜಿಕಾರಕಗಳನ್ನು ತಿಳಿಸಬೇಕು. ಕೇಂದ್ರ ಪರವಾನಗಿ ಇರುವ ಅಥವಾ ಹತ್ತು ಮತ್ತು ಅದಕ್ಕೂ ಹೆಚ್ಚು ಕಡೆ ಮಳಿಗೆಗಳಿರುವ ಹೋಟೆಲುಗಳು ಮೆನುವಿನಲ್ಲಿಯೂ ತಿಳಿಸಬೇಕೆಂಬ ವಿಧಿ 2022ರಿಂದ ಅನ್ವಯವಾಗಿದೆ. ಆದರೆ ಒಂದೇ ಊರಿನಲ್ಲಿ ಒಂದೇ ಕಡೆ ಇರುವ ರೆಸಾರ್ಟು, ಬೀದಿಯ ದರ್ಶಿನಿ ಸಾಮಾನ್ಯವಾಗಿ ಈ ಮಿತಿಯ ಹೊರಗೆ ಉಳಿಯುತ್ತವೆ. ಸಮಾರಂಭಗಳಿಗೆ ಅಡುಗೆ ಮಾಡಿ ಬಡಿಸುವವರಿಗೆ ವಿನಾಯಿತಿಯೇ ಇದೆ. ಎಳ್ಳಾಗಲಿ, ನಮ್ಮ ಪ್ರತಿ ಒಗ್ಗರಣೆಯಲ್ಲೂ ಸಿಡಿಯುವ ಸಾಸಿವೆಯಾಗಲಿ ಆ ನಿಯಮಾವಳಿಯ ಪಟ್ಟಿಯಲ್ಲಿಲ್ಲ.

ನಮ್ಮವರಿಗೆ ಅಲರ್ಜಿ ಕಡಿಮೆ ಎಂಬ ಸಮಾಧಾನಕ್ಕೆ ತಕ್ಕಮಟ್ಟಿನ ಆಧಾರವಿದೆ. ಬೆಂಗಳೂರು, ಮೈಸೂರುಗಳ ವಯಸ್ಕರ ನಡುವೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ರಕ್ತಪರೀಕ್ಷೆಯಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಯಾವುದಾದರೊಂದು ಆಹಾರಕ್ಕೆ ಸಂವೇದನೆ ಕಂಡಿತು. ಲಕ್ಷಣಗಳೂ ಸೇರಿ ಅಲರ್ಜಿಯೆಂದು ಬಗೆಯಬಹುದಾದವರು ಶೇಕಡ 1.2 ಮಾತ್ರ. ಬರಿಯ ರಕ್ತಪರೀಕ್ಷೆ ನಂಬಿ ಆಹಾರ ತ್ಯಜಿಸಬಾರದೆಂಬುದು ಇದರ ಒಂದು ಪಾಠ. ಶೇಕಡ ಒಂದು ಎಂಬುದೂ ಕೋಟಿ ಜನರ ನಡುವೆ ಒಂದು ಲಕ್ಷವಾಗುತ್ತದೆ ಎಂಬುದು ಇನ್ನೊಂದು.

ಇಲ್ಲಿಯ ಒಂದು ಅನುಭವವನ್ನು ಹೇಳಲೇಬೇಕು. ಬೆಂಗಳೂರಿನಿಂದ ಹೆಚ್ಚು ದೂರವಿಲ್ಲದ ರೆಸಾರ್ಟೊಂದರಲ್ಲಿ ಕುರ್ಮದಲ್ಲಿ ಗೋಡಂಬಿ ಇದೆಯೇ ಎಂದು ಕೇಳಿದೆ. ‘ಸ್ವಲ್ಪ ಇರುತ್ತೆ ಸಾರ್, ಏನೂ ಆಗಲ್ಲ, ತಗೊಳ್ಳಿ’ ಎಂದು ಸಪ್ಲೈಯರ್ ಹುಡುಗ ಪ್ರೀತಿಯಿಂದಲೇ ಬಡಿಸಲು ಬಂದ. ಅವನಲ್ಲಿ ದುರುದ್ದೇಶ ಎಳ್ಳಷ್ಟೂ ಇರಲಿಲ್ಲ. ‘ಸ್ವಲ್ಪ’ ಎಂಬುದು ಸಾಕೆಂಬುದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೆ. ನಾನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಮೊಸರನ್ನಕ್ಕೆ ತೃಪ್ತನಾದೆ. ಆದರೆ ಮೊಸರನ್ನದ ಮೇಲೂ ಗೋಡಂಬಿ ಉದುರಿಸುವುದು ಈಗಿನ ಅಲಂಕಾರ. ಅದನ್ನೂ ಕೇಳಿಯೇ ಹಾಕಿಸಿಕೊಳ್ಳಬೇಕಾಯಿತು.

ಆಗಬೇಕಾದ ಕೆಲಸ ದುಬಾರಿಯದೇನಲ್ಲ. ಮೊದಲನೆಯದಾಗಿ, ಎಳ್ಳು ಮತ್ತು ಸಾಸಿವೆಯನ್ನು ನಮ್ಮ ಪಟ್ಟಿಗೆ ಸೇರಿಸಬೇಕು. ಎರಡನೆಯದಾಗಿ, ಅತಿಥಿಗಳು ರಾತ್ರಿ ತಂಗುವ ರೆಸಾರ್ಟುಗಳಿಗೆ ಮಳಿಗೆಗಳ ಸಂಖ್ಯೆಯ ವಿನಾಯಿತಿ ಇರಬಾರದು. ಊರಿನಿಂದ ದೂರದ ಅಂಥ ಜಾಗದಲ್ಲಿ ಗ್ರಾಹಕನಿಗೆ ಬೇರೆ ಹೋಟೆಲಿನ ಆಯ್ಕೆಯೇ ಇರುವುದಿಲ್ಲ. ಮೂರನೆಯದಾಗಿ, ಪ್ರತಿ ಅಡುಗೆಮನೆಯಲ್ಲೂ ಇಂದಿನ ಅಡುಗೆಗೆ ಏನೇನು ಬಿದ್ದಿದೆಯೆಂಬ ಕನ್ನಡದ ಒಂದು ಹಾಳೆ, ಪ್ರಶ್ನೆಗೆ ಉತ್ತರಿಸುವ ಹೊಣೆ ಹೊತ್ತ ಒಬ್ಬ ವ್ಯಕ್ತಿ ಇರಬೇಕು. ‘ಗೊತ್ತಿಲ್ಲ, ನೋಡಿ ಬರುತ್ತೇನೆ’ ಎನ್ನುವುದು ಅವಮಾನವಲ್ಲ, ಕರ್ತವ್ಯ ಎಂದು ಸಪ್ಲೈಯರುಗಳಿಗೆ ತರಬೇತಿ ಕೊಡಬೇಕು. ನಾಲ್ಕನೆಯದಾಗಿ, ವಾಟರ್ ಪಾರ್ಕು, ರೆಸಾರ್ಟುಗಳ ಪ್ರಥಮ ಚಿಕಿತ್ಸಾ ಕೋಣೆಯಲ್ಲಿ ಅಡ್ರಿನಲಿನ್ ಇರಬೇಕು, ಅದನ್ನು ಕೊಡಬಲ್ಲ ದಾದಿಯೋ ವೈದ್ಯರೋ ಇರಬೇಕು. ಆ ಔಷಧದ ಬೆಲೆ ಅಲ್ಲಿನ ಒಂದು ಪ್ರವೇಶ ಟಿಕೆಟ್ಟಿಗಿಂತ ಬಹಳ ಕಡಿಮೆ.

ಇಂದು ಒಬ್ಬರೇ ಪ್ರಯಾಣ ಮಾಡುವವರು ಹೆಚ್ಚುತ್ತಿದ್ದಾರೆ. ಸಂಗಾತಿಯನ್ನು ಕಳೆದುಕೊಂಡ ಹಿರಿಯರಿದ್ದಾರೆ, ಕೆಲಸದ ಮೇಲೆ ಊರೂರು ತಿರುಗುವ ಯುವತಿಯರಿದ್ದಾರೆ. ಅವರ ಹಿಂದೆ ಹತ್ತು ಊಟಗಳ ವೀಟೊ ಇಲ್ಲ. ತಟ್ಟೆಯಲ್ಲಿ ಏನಿದೆ ಎಂದು ಕೇಳಿದಾಗ ನಿಜವಾದ ಉತ್ತರ ಪಡೆಯುವುದು ಅವರಿಗೆ ಹೋಟೆಲು ತೋರುವ ಸೌಜನ್ಯವಾಗಿ ಉಳಿಯಬಾರದು, ಹಕ್ಕಾಗಬೇಕು. ಉಣಬಡಿಸುವ ಔದಾರ್ಯದಲ್ಲಿ ಕನ್ನಡಿಗರು ಯಾರಿಗೂ ಕಡಿಮೆಯಲ್ಲ. ಏನನ್ನು ಬಡಿಸುತ್ತಿದ್ದೇವೆಂದು ತಿಳಿಸುವುದನ್ನೂ ಆ ಔದಾರ್ಯದ ಭಾಗವೆಂದು ಈಗ ಕಲಿಯಬೇಕಾಗಿದೆ.